ಒಂದ ಸೂಜಿ

ನವನಗರದಾಗ ನನ್ನ ಅಂಗಡಿಗೆ ಬರಾವರು
ಹೆಚ್ಚಾಗಿ ಮೀಸಿ ಈಗ ಮೂಡೂ ಹುಡುಗರು.
ಹದಿನೆಂಟ ತುಂಬೇತಿ ಅಂತಾರ,
ಆಧಾರ್ ಕಾರ್ಡ್ ಕೇಳಿದ ಕೂಡಲೆ
ಗಾಡಿ ಕೀಲಿ ತಿರುವಿಕೋತ ಮೆಟ್ಟಲ ಇಳೀತಾರ.

ಆ ಮಂಗಳವಾರ ಮೆಟ್ಟಲ ಏರಿ, ತೇಕಿಕೋತ ಬಂದಾಕಿ
ಶಂಕ್ರವ್ವ ಹೂಗಾರ.
ಬುಟ್ಟಿ ಬಾಗಲಿಗಿಟ್ಟಳು. ಸೇವಂತಿಗಿ ವಾಸನಿ
ನನ್ನ ಡೆಟಾಲ್ ವಾಸನಿ ಜೋಡಿ ಸ್ವಲ್ಪ ಹೊತ್ತು ಜಗಳಾಡಿತು.

ಮುಂಗೈ ಚಾಚಿದಳು. ಅಲ್ಲಿ ಐದು ಚುಕ್ಕಿ,
ಹಸರ ಹೋಗಿ ಬೂದಿ ಆಗಿದ್ದು.
"ಇದರ ಬಾಜೂಕ ನೀಲವ್ವ ಅಂತ ಬರಿ.
ನನ್ನ ತಂಗಿ. ಹೋಗಿ ಒಂದ ವರ್ಷ ಆತು."

ಉಂಡ ಬಂದಿಯೇನಬೇ?
ಸಕ್ಕರಿ ಬ್ಯಾನಿ ಐತೇನು?
ಗಾಯ ಮಾಯ್ದ ಮ್ಯಾಲ ಗಂಟ ಕಟ್ಟತೈತೇನು?
ಯಾವ ಗುಳಿಗಿ ತಗೋತಿ?

"ಏಟ ಕೇಳ್ತಿಯೋ ತಮ್ಮಾ,
ನಾ ಕೊಟ್ಟ ಹೂವಿಗೆ ದೇವರೂ ಇಷ್ಟ ಕೇಳಿಲ್ಲ."

ಬಳಿ ಹಿಂದ ಸರದಾಗ ಕಂಡಿತು:
ಕೈ ತುಂಬ ನೀಲಿ ಕಲಿ, ಬುಟ್ಟಿ ತಾಗಿದ್ದಕ್ಕ.
ಬಾಯಿ ಬಿಡಿಸಿದೆ. ಎದಿಯಾಗ ಸ್ಪ್ರಿಂಗ್ ಕೂಡಿಸ್ಯಾರ,
ದಿನಾ ರಾತ್ರಿ ರಕ್ತ ತೆಳ್ಳಗ ಮಾಡೂ ಗುಳಿಗಿ.

ಇವತ್ತ ಆಗಂಗಿಲ್ಲಬೇ.
ಚುಚ್ಚಿದರ ರಕ್ತ ಲಗೂ ನಿಲ್ಲಂಗಿಲ್ಲ.
ಡಾಕ್ಟರ್ ಕಡೆ ಕೇಳಿ ಚೀಟಿ ಬರಸಿಕೊಂಡು ಬಾ,
ಹಂಗಂತ ಗುಳಿಗಿ ಒಂದಿನಾನೂ ನೀನ ಬಿಡಬ್ಯಾಡ.

ಎದ್ದು ಹೋಗತಾಳ ಅನಕೊಂಡೆ.
ಹೋಗಲಿಲ್ಲ. ನನ್ನ ಕುರ್ಚಿಗೆ ಬೆನ್ನ ಕೊಟ್ಟು
ಕಿಡಕಿ ಕಡೆ ನೋಡಿಕೋತ ಹೇಳಾಕ ಹತ್ತಿದಳು,
ನನಗ ಅಲ್ಲ ಅನ್ನೂವಂಗ.

ಹಳೇ ಊರು. ನಮ್ಮ ಓಣಿ.
ಬೇವಿನ ಗಿಡದ ಕಟ್ಟಿ. ಈಗ ಎಲ್ಲಾ ಹಿನ್ನೀರಿನ ಬುಡಕ.
ಹಚ್ಚಿ ಹಾಕಾಕಿ ಬಂದಿದ್ದಳು,
ಕೊಬ್ಬರಿ ಚಿಪ್ಪಿನ್ಯಾಗ ದೀಪದ ಕಾಡಿಗಿ,
ನೋವ ಮರಸಾಕ ಬಾಯಾಗ ಹಾಡು.
ಹನ್ನೊಂದ ಹುಡುಗ್ಯಾರು ಸಾಲ ಕುಂತಿದ್ದಿವಿ.
ಒಂದ ಸೂಜಿ.
ಸೆರಗಿಗೆ ಒರಸಾಕಿ, ಮುಂದಿನಾಕಿ ಕೈ ಹಿಡ್ಯಾಕಿ.
ನಾ ಒಂಬತ್ತನೇದಾಕಿ. ನೀಲಿ ಹತ್ತನೇದಾಕಿ.
ಅತ್ತಳು. ನಾನ ಅಕಿ ಕೈ ಒತ್ತಿ ಹಿಡದೆ.

ಮುಂದ ಎಷ್ಟೋ ವರ್ಷಕ್ಕ ಅಕಿಗೆ ಕಾಮಾಲಿ, ಹೊಟ್ಯಾಗ ನೀರು.
ಲಿವರ್ ಕೆಟ್ಟೇತಿ ಅಂದ ಡಾಕ್ಟರ್ ಕೇಳಿದ್ದ:
ಯಾವಾಗರ ರಕ್ತ ಏರಿಸಿದ್ದರೇನು? ಹಲ್ಲ ಕೀಳಿಸಿದ್ದಳೇನು?
ಹಚ್ಚಿ?
ನನಗ ಏನೂ ಆಗಲಿಲ್ಲ.
ಸೂಜಿಂದನ ಆತು ಅಂತ ಯಾರೂ ಹೇಳಲಿಲ್ಲ.
ಅಲ್ಲ ಅಂತನೂ ಹೇಳಲಿಲ್ಲ.

"ಅದಕ್ಕ," ಅಂದಳು, "ಅಕಿ ಹೆಸರ ಬೇಕು.
ಆ ಸೂಜಿ ಬ್ಯಾಡ."

ತಿಂಗಳೊಪ್ಪತ್ತಿಗೆ ಬಂದಳು. ಮಡಚಿದ ಚೀಟಿ,
ಎಲಿ ಅಡಿಕಿ ಚೀಲದಾಗಿಂದ, ಸುಣ್ಣದ ಕಲಿ ಸಮೇತ.
ಫೋನ್ ಹಚ್ಚಿ ಡಾಕ್ಟರನ್ನ ಮತ್ತೊಮ್ಮೆ ಕೇಳಿದೆ.
ಸಣ್ಣದು ಹಾಕು, ನಾಕ ಅಕ್ಷರಕ್ಕಿಂತ ಹೆಚ್ಚ ಬ್ಯಾಡ ಅಂದರು.
ನೀಲವ್ವಗ ಮೂರ ಸಾಕು.

ಅಕಿ ಕಣ್ಣ ಮುಂದ ಕೈ ತೊಳಕೊಂಡೆ, ಹೊಸಾ ಗ್ಲೌಸ್.
ಸೂಜಿ ಪಾಕೀಟ ಅಕಿ ಕೈಯಾಗ ಕೊಟ್ಟೆ:
ಹರದೈತೇನು ನೋಡು, ತಾರೀಖ ನೋಡು.
ಓದಾಕ ಬರಂಗಿಲ್ಲ. ಬೆರಳಲೆ ಅಂಚ ಸವರಿ ನೋಡಿದಳು,
ಮೊಗ್ಗ ಆರಿಸೂವಂಗ.
ಮಸಿ ಬ್ಯಾರೆ ಮುಚ್ಚಳದಾಗ ಹನಿ ಹನಿ ಹಾಕಿದೆ.
"ಉಳಿದದ್ದು?"
ಚೆಲ್ಲತೇನಿ.
"ಸೂಜಿ?"
ಅದೂ.
"ಒಬ್ಬಾಕಿಗೆ ಒಂದ ಸೂಜಿ!
ನಿಮ್ಮ ಅಪ್ಪ ಏನ ಸಾಹುಕಾರನೇನೋ?"
ನಕ್ಕಳು. ನಕ್ಕಾಗ ಕೈ ಅಲಗತೈತಿ, ನಿಂತೆ.

ಮುಗದ ಮ್ಯಾಲ ಬಿಳಿ ಡಬ್ಬಿಯೊಳಗ ಸೂಜಿ ಬಿದ್ದ ಸಪ್ಪಳ
ಕಿವಿಗೊಟ್ಟು ಕೇಳಿದಳು.
ಅಷ್ಟ ಸಣ್ಣ ಸಪ್ಪಳಕ್ಕ
ಅಷ್ಟ ಹೊತ್ತು ಯಾರೂ ಸುಮ್ಮನ ಕುಂತಿದ್ದಿಲ್ಲ ನನ್ನ ಅಂಗಡ್ಯಾಗ.

ಕೆರೀಬ್ಯಾಡ ಅಂದೆ. ಅರಿಶಿಣ ಮೆತ್ತಬ್ಯಾಡ.
ಕೆಂಪಾಗಿ ಬಾತರ, ಜ್ವರ ಬಂದರ
ನನ್ನ ಕಡೆ ಅಲ್ಲ, ಸೀದಾ ದವಾಖಾನಿಗೆ.
ಮೂರ ವಾರ ಹಿನ್ನೀರಿನ್ಯಾಗ ಕೈ ಅದ್ದಬ್ಯಾಡ.

ಅಲ್ಲಿತನಕಾ ಹೂಂ ಹೂಂ ಅಂದಾಕಿ
ಇಲ್ಲಿ ತಡದಳು.
"ಓಣಿಗೆ ತೋರಸಬೇಕಿತ್ತಲ್ಲೋ."

ದಂಡಿ ಮ್ಯಾಲ ನಿಂತ ತೋರಸಬೇ,
ನೀರಿಗೇನು, ಕಾಣತೈತಿ.